ಮೊದಲ ಉಮ್ರಾ: ಬ್ಯಾಗ್ ತುಂಬಿದರೆ ತಯಾರಿ ಮುಗಿಯಿತೇ?

ಅಲ್‌ಹಮ್ದುಲಿಲ್ಲಾಹ್, ಉಮ್ರಾ ಎಂಬುದು ಇಂದು ನಮ್ಮ ಕರಾವಳಿಯ ಮನೆಗಳಿಗೆ ದೂರದ ಕನಸಾಗಿ ಉಳಿದಿಲ್ಲ. ಗಲ್ಫ್‌ನಲ್ಲಿ ದುಡಿಯುವ ಮಗ ಉಮ್ಮನನ್ನು ಕರೆಸಿಕೊಳ್ಳುತ್ತಾನೆ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ದಂಪತಿ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹದಿನೈದು ದಿನಗಳ ತಂಡದಲ್ಲಿ ಹೊರಡುತ್ತಾರೆ. ಈ ತಂಡಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇರುತ್ತಾರೆ. ಇದು ಸಂತೋಷದ ವಿಷಯ. ಆದರೆ ಹೊರಡುವ ಮೊದಲು ಮನೆಯಲ್ಲಿ ನಡೆಯುವ ತಯಾರಿ ಎಂಥದ್ದು ಅಂತ ನಾವು ಸ್ವಲ್ಪ ನೋಡಬೇಕು.

ಟಿಕೆಟ್ ಆಯಿತು, ವೀಸಾ ಬಂತು. ಅಲ್ಲಿಂದ ಮನೆಯ ಹೆಂಗಸಿಗೆ ಕೆಲಸವೇ ಕೆಲಸ. ಹೊಸ ಅಬಾಯ ಹೊಲಿಸಬೇಕು, ಒಣ ರೊಟ್ಟಿ, ಚಟ್ನಿ ಪುಡಿ, ಉಪ್ಪಿನಕಾಯಿ ಕಟ್ಟಬೇಕು, ಸಲಾಂ ಹೇಳಲು ಬರುವವರಿಗೆ ಚಹಾ ತಿಂಡಿ ಮಾಡಬೇಕು, ಹಿಂದೆ ಉಳಿಯುವ ಮಕ್ಕಳ ಬಟ್ಟೆ, ಮಾಮಿಯ ಮದ್ದು ಎಲ್ಲ ಜೋಡಿಸಿಡಬೇಕು. ಉಮ್ರಾ ಮಾಡುವುದು ಹೇಗೆ ಎಂದು ಕಲಿಯಲು ಅವಳಿಗೆ ಸಮಯ ಎಲ್ಲುಂಟು? ‘ಅಲ್ಲಿ ಅಮೀರ್ ಉಸ್ತಾದ್ ಇರ್ತಾರೆ, ಅವರು ಹೇಳಿದ ಹಾಗೆ ಮಾಡಿದರೆ ಆಯ್ತು’ ಎಂಬ ಒಂದು ಮಾತಿನಲ್ಲಿ ಅವಳ ಇಬಾದತ್ತಿನ ತಯಾರಿ ಮುಗಿದುಹೋಗುತ್ತದೆ. ಅದು ಸಾಲದು ಎಂಬುದನ್ನೇ ಈ ವಾರ ಹೇಳಬೇಕೆಂದಿದ್ದೇವೆ.

ಶಾಫಿಈ ಮದ್‌ಹಬ್ ಅನುಸರಿಸುವ ನಮಗೆ, ಸಾಮರ್ಥ್ಯ ಇದ್ದವರಿಗೆ ಜೀವನದಲ್ಲಿ ಒಂದು ಸಲ ಹಜ್ಜ್ ಹೇಗೆ ಫರ್ಳೋ ಹಾಗೆಯೇ ಉಮ್ರಾವೂ ಒಂದು ಸಲ ಫರ್ಳ್. ಆದುದರಿಂದ ಹೆಣ್ಣೊಬ್ಬಳ ಮೊದಲ ಉಮ್ರಾ ಎಂದರೆ ಗಂಡ ಪ್ರೀತಿಯಿಂದ ಕರೆದುಕೊಂಡು ಹೋಗುವ ಪ್ರವಾಸ ಅಲ್ಲ. ಅದು ಅವಳ ಮೇಲಿರುವ, ಅವಳೇ ತೀರಿಸಬೇಕಾದ ಫರ್ಳ್. ಅವಳ ನಿಯ್ಯತ್ತನ್ನು ಗಂಡ ಇಡಲು ಆಗುವುದಿಲ್ಲ, ಅವಳ ತವಾಫನ್ನು ಅಮೀರ್ ಮಾಡಿಕೊಡಲು ಆಗುವುದಿಲ್ಲ. ನಮಾಝಿನ ಫರ್ಳ್‌ಗಳನ್ನು ಮದ್ರಸದ ಎಳೆಯ ತರಗತಿಯಲ್ಲೇ ಬಾಯಿಪಾಠ ಮಾಡಿಸುವ ನಾವು, ಉಮ್ರಾದ ಫರ್ಳ್‌ಗಳನ್ನು ನಲವತ್ತು ವರ್ಷದ ಉಮ್ಮನಿಗೆ ಹೇಳಿಕೊಡದೆ ವಿಮಾನ ಹತ್ತಿಸುವುದು ಸರಿಯೇ?

ಕಲಿಯಬೇಕಾದದ್ದು ಬೆಟ್ಟದಷ್ಟೇನೂ ಇಲ್ಲ. ಉಮ್ರಾದ ಫರ್ಳ್ ಐದು. ನಿಯ್ಯತ್ತಿನೊಂದಿಗೆ ಇಹ್ರಾಮ್‌ಗೆ ಪ್ರವೇಶಿಸುವುದು, ಕಅಬಾಕ್ಕೆ ಏಳು ಸುತ್ತು ತವಾಫ್, ಸಫಾದಿಂದ ಆರಂಭಿಸಿ ಮರ್ವಾದಲ್ಲಿ ಮುಗಿಯುವ ಏಳು ನಡಿಗೆಯ ಸಅಯ್, ಕೂದಲು ಕತ್ತರಿಸುವುದು, ಇವನ್ನು ಕ್ರಮವಾಗಿ ಮಾಡುವುದು. ಉದ್ದುದ್ದ ದುಆಗಳು ಬಾಯಿಗೆ ಬಾರದಿದ್ದರೆ ಹೆದರಬೇಕಾಗಿಲ್ಲ. ಗೊತ್ತಿರುವ ದಿಕ್ರ್, ಸ್ವಲಾತ್ ಹೇಳಬಹುದು, ನಮ್ಮದೇ ಮಾತಿನಲ್ಲಿ ಅಲ್ಲಾಹನಲ್ಲಿ ಬೇಡಬಹುದು. ಪುಸ್ತಕ ನೋಡಿ ಓದಲು ಆಗಲಿಲ್ಲ ಎಂದು ಉಮ್ರಾ ಕೆಡುವುದಿಲ್ಲ. ಫರ್ಳ್ ತಪ್ಪಿದರೆ ಮಾತ್ರ ಕಷ್ಟ.

ಗಂಡಸರಿಗೂ ಹೆಂಗಸರಿಗೂ ಇರುವ ವ್ಯತ್ಯಾಸಗಳನ್ನೂ ಮೊದಲೇ ತಿಳಿದಿರಬೇಕು. ಹೆಂಗಸರಿಗೆ ಇಹ್ರಾಮ್‌ನ ಪ್ರತ್ಯೇಕ ಬಟ್ಟೆ ಇಲ್ಲ. ಬಿಳಿಯೇ ಆಗಬೇಕೆಂದಿಲ್ಲ, ಮೈ ಮುಚ್ಚುವ ಸಡಿಲವಾದ ಸಾದಾ ಉಡುಪು ಸಾಕು. ಆದರೆ ಇಹ್ರಾಮ್‌ನಲ್ಲಿರುವಾಗ ಮುಖಕ್ಕೆ ನಿಕಾಬ್ ಕಟ್ಟುವಂತಿಲ್ಲ, ಕೈಗೆ ಗ್ಲೌಸ್ ಹಾಕುವಂತಿಲ್ಲ. ಮುಖ ಮರೆಸಬೇಕೆನ್ನುವವರು ಬಟ್ಟೆ ಮುಖಕ್ಕೆ ತಾಗದಂತೆ ಇಳಿಬಿಡುವ ಕ್ರಮವನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಬೇಕು. ಕಾಲಿಗೆ ಸಾಕ್ಸ್ ಹಾಕಬಹುದು. ಪರಿಮಳದ ಸೋಪು, ಕ್ರೀಮ್ ಆ ಹೊತ್ತಿಗೆ ಬೇಡ. ತಲ್ಬಿಯತ್ತನ್ನು ತನಗೆ ಕೇಳುವಷ್ಟು ಮೆಲ್ಲಗೆ ಹೇಳಿದರೆ ಸಾಕು. ಸಫಾ ಮರ್ವಾದ ನಡುವೆ ಹಸಿರು ದೀಪ ಇರುವಲ್ಲಿ ಗಂಡಸರು ಓಡುತ್ತಾರೆ, ಹೆಂಗಸರು ನಡೆದೇ ಹೋಗಬೇಕು. ಕೊನೆಯಲ್ಲಿ ತಲೆ ಬೋಳಿಸುವುದಿಲ್ಲ, ಬೆರಳ ತುದಿಯಷ್ಟು ಕೂದಲು ಕತ್ತರಿಸುವುದು. ಅದನ್ನೂ ಜನರೆದುರು ಮಾಡಬೇಕಾಗಿಲ್ಲ, ರೂಮಿಗೆ ಬಂದು ಮಾಡಬಹುದು.

ಇನ್ನು, ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಬರೋಣ. ಮುಟ್ಟು. ಪ್ರಯಾಣದ ದಿನವೇ ಹೈಳ್ ಬಂದರೆ ಏನು ಮಾಡುವುದು? ಗಂಡನಿಗೆ ಹೇಳಲು ನಾಚಿಕೆ, ಉಸ್ತಾದರಲ್ಲಿ ಕೇಳಲು ಇನ್ನೂ ನಾಚಿಕೆ. ಈ ನಾಚಿಕೆಯಿಂದ ಎರಡು ದೊಡ್ಡ ತಪ್ಪುಗಳು ನಡೆಯುತ್ತವೆ. ‘ನಾನು ಶುದ್ಧಿಯಲ್ಲಿಲ್ಲ, ನನಗೆ ಇಹ್ರಾಮ್ ಇಲ್ಲ’ ಎಂದುಕೊಂಡು ನಿಯ್ಯತ್ ಇಡದೆಯೇ ಮೀಖಾತ್ ದಾಟಿಬಿಡುವುದು ಒಂದು. ತಂಡದವರೆಲ್ಲ ಹೊರಟಾಗ ನಾನೊಬ್ಬಳು ರೂಮಿನಲ್ಲಿ ಕೂತರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಮುಟ್ಟಿನಲ್ಲೇ ತವಾಫ್ ಮಾಡಿಬಿಡುವುದು ಇನ್ನೊಂದು.

ಎರಡೂ ಗಂಭೀರ. ಉಮ್ರಾದ ಉದ್ದೇಶದಿಂದ ಹೋಗುವವರು ಇಹ್ರಾಮ್ ಇಲ್ಲದೆ ಮೀಖಾತ್ ದಾಟಿದರೆ ಮೀಖಾತ್‌ಗೆ ಮರಳಿ ಹೋಗಬೇಕು, ಇಲ್ಲದಿದ್ದರೆ ದಮ್ ಕೊಡಬೇಕಾಗುತ್ತದೆ. ಮುಟ್ಟಿನಲ್ಲಿ ಮಾಡಿದ ತವಾಫ್ ಶಾಫಿಈ ಮದ್‌ಹಬ್‌ನಲ್ಲಿ ಸಿಂಧುವಾಗುವುದೇ ಇಲ್ಲ. ಅಂದರೆ ಅವಳು ಕೂದಲು ಕತ್ತರಿಸಿ, ಊರಿಗೆ ಬಂದು, ಝಮ್‌ಝಮ್ ಹಂಚಿದ ಮೇಲೂ ಇಹ್ರಾಮ್‌ನಿಂದ ಹೊರಬಂದಿರುವುದಿಲ್ಲ. ಒಂದು ಪ್ರಶ್ನೆ ಕೇಳುವ ನಾಚಿಕೆಗೆ ಕೊಡುವ ಬೆಲೆ ಇದು.

ಮಸ್‌ಅಲ ಮಾತ್ರ ಸರಳ. ಮುಟ್ಟಾದ ಹೆಣ್ಣೂ ಮೀಖಾತ್‌ನಲ್ಲಿ ಸ್ನಾನ ಮಾಡಿ ನಿಯ್ಯತ್ ಇಡಬಹುದು, ತಲ್ಬಿಯತ್ ಹೇಳಬಹುದು. ಇಹ್ರಾಮ್‌ನಲ್ಲೇ ಮಕ್ಕಾ ಪ್ರವೇಶಿಸಿ, ರೂಮಿನಲ್ಲಿ ದಿಕ್ರ್, ದುಆ, ಸ್ವಲಾತ್‌ಗಳೊಂದಿಗೆ ಕಾಯಬೇಕು. ಶುದ್ಧಿಯಾದ ಮೇಲೆ ಸ್ನಾನ ಮಾಡಿ ತವಾಫ್, ಸಅಯ್ ಮಾಡಬೇಕು. ತವಾಫ್ ಮುಗಿದ ನಂತರ ಮುಟ್ಟಾದರೆ ಸಅಯ್‌ಗೆ ಅಡ್ಡಿಯಿಲ್ಲ, ಏಕೆಂದರೆ ಸಅಯ್‌ಗೆ ಶುದ್ಧಿ ಕಡ್ಡಾಯವಲ್ಲ.

ಇದು ಇಂದಿನ ಪ್ರಶ್ನೆಯೂ ಅಲ್ಲ. ವಿದಾಯದ ಹಜ್ಜ್‌ಗೆ ಹೊರಟಾಗ ದುಲ್ ಹುಲೈಫದಲ್ಲಿ ಅಸ್ಮಾ ಬಿಂತ್ ಉಮೈಸ್(ರ) ಹೆರಿಗೆಯಾದರು. ಏನು ಮಾಡಲಿ ಎಂದು ಅವರು ಪ್ರವಾದಿ(ಸ)ಯವರಲ್ಲಿಗೆ ಹೇಳಿಕಳುಹಿಸಿದರು. ಸ್ನಾನ ಮಾಡಿ ಇಹ್ರಾಮ್ ಕಟ್ಟಲು ಉತ್ತರ ಬಂತು. ಅದೇ ಪ್ರಯಾಣದಲ್ಲಿ ಮುಟ್ಟಾಗಿ ಅಳುತ್ತಿದ್ದ ಆಯಿಶಾ(ರ) ಅವರನ್ನು ಕಂಡು ಪ್ರವಾದಿ(ಸ)ಯವರೇ ಕಾರಣ ಕೇಳಿದರು. ಇದು ಅಲ್ಲಾಹನು ಆದಮರ ಹೆಣ್ಣುಮಕ್ಕಳಿಗೆ ವಿಧಿಸಿದ್ದು ಎಂದು ಸಮಾಧಾನ ಹೇಳಿ, ತವಾಫ್ ಒಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಮಾಡಲು ತಿಳಿಸಿದರು. ಹಜ್ಜ್ ಮುಗಿದ ಮೇಲೆ ಸಹೋದರ ಅಬ್ದುರ್ರಹ್ಮಾನ್(ರ) ಅವರ ಜೊತೆ ತನ್‌ಈಮ್‌ಗೆ ಕಳುಹಿಸಿ ಉಮ್ರಾವನ್ನೂ ಮಾಡಿಸಿದರು. ಇಂದು ನಮ್ಮವರು ಎರಡನೇ ಉಮ್ರಾಕ್ಕೆ ಇಹ್ರಾಮ್ ಕಟ್ಟಲು ಹೋಗುವ ಆಯಿಶಾ ಮಸೀದಿ ಇರುವುದು ಅಲ್ಲಿಯೇ. ಅಳುವ ಹೆಂಡತಿಯ ಬಳಿ ಬಂದು, ವಿಷಯವನ್ನು ನೇರವಾಗಿ ಕೇಳಿ, ದಾರಿ ಹೇಳಿಕೊಟ್ಟದ್ದು ನಮ್ಮ ಪ್ರವಾದಿ(ಸ). ಅವರಿಗಿಂತ ಹೆಚ್ಚಿನ ನಾಚಿಕೆ ನಮಗೆ ಬೇಕಾ?

ಆದುದರಿಂದ ಗಂಡಂದಿರಲ್ಲಿ, ಗಂಡುಮಕ್ಕಳಲ್ಲಿ ನಮ್ಮ ಮೊದಲ ವಿನಂತಿ: ದಿನಾಂಕ ಗೊತ್ತುಮಾಡುವ ಮೊದಲು ಮನೆಯ ಹೆಣ್ಣುಮಕ್ಕಳಲ್ಲಿ ಕೇಳಿ. ಟಿಕೆಟ್ ಹತ್ತು ಸಾವಿರ ಕಡಿಮೆ ಸಿಗುತ್ತದೆ ಎಂದು ನೀವೊಬ್ಬರೇ ತೀರ್ಮಾನಿಸಿದರೆ, ಮಕ್ಕಾದಲ್ಲಿ ಇರುವ ಐದಾರು ದಿನವೂ ಅವಳು ರೂಮಿನಲ್ಲೇ ಕಳೆಯಬೇಕಾಗಿ ಬಂದೀತು. ತಂಡದವರು ಮೊದಲು ಮಕ್ಕಾಕ್ಕೆ ಹೋಗುತ್ತಾರೋ ಮದೀನಕ್ಕೋ ಎಂಬುದನ್ನೂ ವಿಚಾರಿಸಿ. ಮುಟ್ಟು ಮುಂದೂಡುವ ಗುಳಿಗೆ ತೆಗೆದುಕೊಳ್ಳುವುದಾದರೆ, ಆರೋಗ್ಯಕ್ಕೆ ಹಾನಿ ಇಲ್ಲದಿದ್ದರೆ ಅದಕ್ಕೆ ಅನುಮತಿ ಉಂಟು. ಆದರೆ ನೆರೆಮನೆಯವಳು ಹೇಳಿದಳು ಎಂದು ಮೆಡಿಕಲ್‌ನಿಂದ ತಂದು ನುಂಗುವಂಥದ್ದಲ್ಲ. ಬಿಪಿ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅಪಾಯ. ಒಂದೆರಡು ತಿಂಗಳು ಮೊದಲೇ ಹೆರಿಗೆ ಡಾಕ್ಟರರನ್ನು ಕಾಣಬೇಕು. ಗುಳಿಗೆ ತೆಗೆದುಕೊಂಡರೂ ಕೆಲವರಿಗೆ ನಡುವೆ ರಕ್ತ ಕಾಣಿಸುವುದುಂಟು, ಆಗ ಏನು ಮಾಡಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಬೇಕು. ಅನಾರೋಗ್ಯದಂತಹ ಅಡ್ಡಿ ಬಂದರೆ ಇಹ್ರಾಮ್‌ನಿಂದ ಬಿಡುಗಡೆಯಾಗುವೆ ಎಂದು ನಿಯ್ಯತ್ತಿನಲ್ಲೇ ಷರತ್ತು ಇಡುವ ಕ್ರಮ ಫಿಕ್‌ಹ್‌ನಲ್ಲಿ ಉಂಟು. ತನ್ನ ಸ್ಥಿತಿಗೆ ಅದು ಹೇಗೆ ಅನ್ವಯವಾಗುತ್ತದೆ ಎಂದು ಊರಿನಲ್ಲೇ ಉಸ್ತಾದರಲ್ಲಿ ಕೇಳಿ ತಿಳಿಯಿರಿ.

ನಮ್ಮ ಮದ್‌ಹಬ್‌ನವರಿಗೆ ಮತ್ತೊಂದು ಕಷ್ಟ ಮತಾಫ್‌ನ ಜನಜಂಗುಳಿಯಲ್ಲಿ ಎದುರಾಗುತ್ತದೆ. ತವಾಫ್‌ಗೆ ವುಳೂ ಬೇಕು. ಅನ್ಯ ಗಂಡು ಹೆಣ್ಣಿನ ಚರ್ಮ ಪರಸ್ಪರ ತಾಗಿದರೆ ಶಾಫಿಈ ಮದ್‌ಹಬ್‌ನಲ್ಲಿ ವುಳೂ ಮುರಿಯುತ್ತದೆ. ಉದ್ದ ತೋಳು, ಸಾಕ್ಸ್ ಧರಿಸಿದರೆ ಎಷ್ಟೋ ರಕ್ಷಣೆ. ಆದರೂ ಕೈ ತೆರೆದೇ ಇರುತ್ತದೆ. ಈ ವಿಷಯದಲ್ಲಿ ಹನಫಿ ಮದ್‌ಹಬ್ ತಕ್ಲೀದ್ ಮಾಡುವ ದಾರಿಯನ್ನು ಉಲಮಾಗಳು ಹೇಳಿಕೊಡುತ್ತಾರೆ, ಹಾಗೆ ಮಾಡುವಾಗ ಆ ಮದ್‌ಹಬ್‌ನಂತೆಯೇ ವುಳೂ ಮಾಡಬೇಕು. ಇದನ್ನು ಕಅಬಾದ ಮುಂದೆ ನಿಂತು ಕಲಿಯಲು ಆಗುತ್ತದಾ? ಹೊರಡುವ ಮೊದಲೇ ಕಲಿಯಬೇಕು. ಹಜರುಲ್ ಅಸ್‌ವದ್ ಮುತ್ತಿಡುವ ಆಸೆಯಿಂದ ಗಂಡಸರ ನೂಕುನುಗ್ಗಲಿಗೆ ಇಳಿಯುವುದೂ ಬೇಡ. ದೂರದಿಂದ ಕೈ ಸನ್ನೆ ಮಾಡಿದರೆ ಸಾಕು.

ಮೀಖಾತ್ ಬಗ್ಗೆಯೂ ಒಂದು ಮಾತು. ನೇರ ಜಿದ್ದಾಕ್ಕೆ ಹೋಗುವ ವಿಮಾನ ಇಳಿಯುವ ಮೊದಲೇ ಮೀಖಾತ್ ದಾಟುತ್ತದೆ. ಆದುದರಿಂದ ‘ಜಿದ್ದಾದಲ್ಲಿ ಮಗನ ಮನೆಯಲ್ಲಿ ಎರಡು ದಿನ ಇದ್ದು, ಅಲ್ಲಿಂದ ಇಹ್ರಾಮ್ ಕಟ್ಟಿದರಾಯ್ತು’ ಎಂದು ಉಮ್ರಾದ ಉದ್ದೇಶದಿಂದಲೇ ಹೊರಟ ಉಮ್ಮಂದಿರು ಅಂದುಕೊಳ್ಳುವಂತಿಲ್ಲ. ಮೊದಲು ಮದೀನಕ್ಕೆ ಹೋಗುವವರಿಗೆ ಅಲ್ಲಿಂದ ಮಕ್ಕಾಕ್ಕೆ ಹೊರಡುವಾಗ ದುಲ್ ಹುಲೈಫ ಮೀಖಾತ್.

ಮಹ್ರಮ್ ವಿಷಯದಲ್ಲಿ ವೀಸಾದ ಕಾನೂನು ಮತ್ತು ದೀನ್‌ನ ವಿಧಿ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ನಮ್ಮ ದೇಶದಲ್ಲಿ 2018ರ ಹಜ್ಜ್‌ನಿಂದ, 45 ವರ್ಷ ದಾಟಿದ ಹೆಂಗಸರು ನಾಲ್ವರ ಗುಂಪಾಗಿ ಮಹ್ರಮ್ ಇಲ್ಲದೆ ಹೋಗಲು ಅವಕಾಶ ಬಂತು. 2022ರಲ್ಲಿ ಸೌದಿಯ ಹಜ್ಜ್ ಸಚಿವರು, ಹೆಂಗಸರಿಗೆ ಹಜ್ಜ್ ಉಮ್ರಾಕ್ಕೆ ಮಹ್ರಮ್ ಕಡ್ಡಾಯವಲ್ಲ ಎಂದು ಪ್ರಕಟಿಸಿದರು. ಶಾಫಿಈ ಫಿಕ್‌ಹ್‌ನಲ್ಲಿ ಫರ್ಳ್ ಆದ ಹಜ್ಜ್ ಉಮ್ರಾಕ್ಕೆ ನಂಬಿಗಸ್ತ ಹೆಂಗಸರ ತಂಡದ ಜೊತೆ ಹೋಗಬಹುದು. ಸುನ್ನತ್ ಆದ ಉಮ್ರಾಕ್ಕೆ ಗಂಡನೋ ಮಹ್ರಮೋ ಬೇಕು. ಹಾಗಾಗಿ ಗಂಡನಿಲ್ಲದ, ಗಂಡುಮಕ್ಕಳಿಲ್ಲದ ಹೆಣ್ಣಿಗೆ ಮೊದಲ ಉಮ್ರಾದ ಬಾಗಿಲು ಮುಚ್ಚಿಲ್ಲ. ಗಂಡ ತೀರಿಹೋದವರು ಇದ್ದಾ ಮುಗಿಯುವ ತನಕ ಕಾಯಬೇಕು ಎಂಬುದು ನೆನಪಿರಲಿ.

ದೇಹದ ತಯಾರಿಯೂ ಬೇಕು. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಸಲ ಎಂದರೆ 3 ಕಿಲೋಮೀಟರ್ ದಾಟುತ್ತದೆ. ಮೇಲಿನ ಮಹಡಿಯಲ್ಲಿ ತವಾಫ್ ಮಾಡಿದರೆ ಸುತ್ತು ಇನ್ನೂ ದೊಡ್ಡದು. ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವ ಹೆಂಗಸಿಗೂ ಒಂದೇ ಸಮನೆ ನಡೆದು ಅಭ್ಯಾಸ ಇರುವುದಿಲ್ಲ. ಒಂದು ತಿಂಗಳು ಮೊದಲಿನಿಂದ ದಿನಾ ಅರ್ಧ ಗಂಟೆ ನಡೆಯಲಿ. ಚಪ್ಪಲಿ ಹೊಸದು ಬೇಡ, ಕಾಲಿಗೆ ಹೊಂದಿಕೊಂಡದ್ದು ಇರಲಿ. ಮಂಡಿ ನೋವು ಇದ್ದವರಿಗೆ ಗಾಲಿಕುರ್ಚಿ ಸಿಗುತ್ತದೆ, ಅದರಲ್ಲಿ ಕೂರುವುದು ಅವಮಾನ ಅಲ್ಲ. ಮೆನಿಂಜೈಟಿಸ್ ಲಸಿಕೆಯನ್ನು ಸೌದಿ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಶುಗರ್, ಬಿಪಿಯ ಮಾತ್ರೆಗಳು ಡಾಕ್ಟರರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ.

ಪಾಸ್‌ಪೋರ್ಟ್, ಫೋನು, ಸ್ವಲ್ಪ ರಿಯಾಲ್ ಅವಳ ಕೈಯಲ್ಲೂ ಇರಬೇಕು. ಹರಮ್‌ನಲ್ಲಿ ನಮಾಝಿಗೆ ನಿಲ್ಲುವಾಗ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಹೋಟೆಲಿನ ಹೆಸರು ಗೊತ್ತಿಲ್ಲದೆ, ಫೋನ್‌ನಲ್ಲಿ ಕರೆನ್ಸಿ ಇಲ್ಲದೆ ಲಕ್ಷಾಂತರ ಜನರ ನಡುವೆ ನಿಂತರೆ ಅವಳ ಗತಿ ಏನು? ಹೋಟೆಲ್ ಕಾರ್ಡ್ ಕೊರಳಲ್ಲಿರಲಿ, ತಪ್ಪಿಹೋದರೆ ಸೇರುವ ಗೇಟಿನ ನಂಬರ್ ಮೊದಲೇ ಮಾತಾಡಿಕೊಂಡಿರಿ. ಮದೀನದಲ್ಲಿ ರೌಳಾ ಶರೀಫ್‌ಗೆ ಹೋಗಲು ನುಸುಕ್ ಆ್ಯಪ್‌ನಲ್ಲಿ ಸಮಯ ಪಡೆಯಬೇಕು, ಹೆಂಗಸರ ಸಮಯ ಬೇರೆ. ಅದನ್ನು ಸ್ವತಃ ಮಾಡಲು ಕಾಲೇಜಿಗೆ ಹೋಗುವ ಮಗಳೇ ಉಮ್ಮನಿಗೆ ಕಲಿಸಿಕೊಡಬಹುದು.

ಹಣದ ಬಗ್ಗೆಯೂ ಹೇಳದೆ ಆಗದು. ಮಹರ್ ಅವಳ ಸೊತ್ತು. ಅದರಿಂದ ಉಮ್ರಾ ಮಾಡಲು ಅವಳಿಗೆ ಹಕ್ಕುಂಟು. ಆದರೆ ಸಾಲ ಮಾಡಿ, ಚಿನ್ನ ಅಡವಿಟ್ಟು ಹೋಗಬೇಕೆಂದು ದೀನ್ ಹೇಳುವುದಿಲ್ಲ. ಸಾಮರ್ಥ್ಯ ಇಲ್ಲದವರಿಗೆ ಅದು ಫರ್ಳೇ ಅಲ್ಲ. ಬೀಳ್ಕೊಡುಗೆಯ ಊಟ, ಬಂದ ಮೇಲೆ ಮನೆಮನೆಗೆ ಖರ್ಜೂರ, ಮುಸಲ್ಲಾ, ಅತ್ತರ್ ಹಂಚುವ ಪಟ್ಟಿ ಇವೆಲ್ಲ ನಾವೇ ಬೆಳೆಸಿಕೊಂಡ ಭಾರ. ಹರಮ್‌ನಲ್ಲಿ ಕಳೆಯಬೇಕಾದ ಹೊತ್ತನ್ನು ನಾದಿನಿಗೆ ಯಾವ ಬಣ್ಣ, ಅತ್ತಿಗೆಗೆ ಯಾವ ಬಣ್ಣ ಎಂದು ಅಂಗಡಿಯಲ್ಲಿ ಕಳೆದರೆ ಹೋದ ಉದ್ದೇಶವೇನು? ಉಮ್ರಾಕ್ಕೆ ಹೋಗುವವರಲ್ಲಿ ದುಆ ಕೇಳೋಣ, ಸಾಮಾನು ಕೇಳುವುದನ್ನು ಬಿಡೋಣ.

ಜಮಾಅತ್ ಕಮಿಟಿಗಳು, ಮದ್ರಸಗಳು, ಉಮ್ರಾ ತಂಡದವರು ಮಾಡಬೇಕಾದ ಕೆಲಸವೂ ಉಂಟು. ಹೊರಡುವ ಹಿಂದಿನ ದಿನ ಗಂಡಸರ ಸಭೆಯಲ್ಲಿ ಪರದೆಯ ಆಚೆ ಹೆಂಗಸರನ್ನು ಕೂರಿಸಿ ಮುಗಿಸುವ ಕ್ಲಾಸ್ ಸಾಲದು. ಹೆಂಗಸರಿಗೇ ಪ್ರತ್ಯೇಕವಾಗಿ, ಬ್ಯಾರಿ ಭಾಷೆಯಲ್ಲಿ, ಕನಿಷ್ಠ ಮೂರು ಕ್ಲಾಸ್ ಬೇಕು. ದೀನೀ ವಿದ್ಯೆ ಕಲಿತ ಹೆಣ್ಣುಮಕ್ಕಳು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಂದ ಹೇಳಿಸಿದರೆ ಮುಟ್ಟಿನ ಪ್ರಶ್ನೆ ಕೇಳಲು ಯಾರಿಗೂ ಸಂಕೋಚ ಇರದು. ಬಾಯಲ್ಲಿ ಕೇಳಲು ಆಗದವರು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಹಾಕಲು ಒಂದು ಪೆಟ್ಟಿಗೆ ಇಡಿ. ಪ್ರತೀ ತಂಡದಲ್ಲೂ ಮಸ್‌ಅಲ ಬಲ್ಲ ಒಬ್ಬ ಹೆಂಗಸು ಇರಲಿ.

ಸಅಯ್ ಎಂಬ ಫರ್ಳ್ ಹಾಜರಾ ಬೀವಿ(ಅ) ಎಂಬ ಒಬ್ಬ ಉಮ್ಮ, ಬಾಯಾರಿದ ಮಗುವಿಗಾಗಿ ಒಂಟಿಯಾಗಿ ಓಡಾಡಿದ ಹೆಜ್ಜೆಗಳ ನೆನಪು. ಲೋಕದ ಗಂಡಸರೆಲ್ಲ ಅಲ್ಲಿ ಆ ಹೆಣ್ಣಿನ ಹೆಜ್ಜೆಯನ್ನೇ ಅನುಸರಿಸುತ್ತಾರೆ. ಅಂಥ ಜಾಗಕ್ಕೆ ಹೋಗುವ ನಮ್ಮ ಉಮ್ಮಂದಿರು, ಹೆಂಡತಿಯರು, ಹೆಣ್ಣುಮಕ್ಕಳು ಏನು ಮಾಡುತ್ತಿದ್ದೇನೆಂದು ತಿಳಿಯದೆ ಇನ್ನೊಬ್ಬರ ಬೆನ್ನು ನೋಡಿಕೊಂಡು ಸುತ್ತಿ ಬರುವಂತಾಗಬಾರದು. ಈ ಸಲ ಹೊರಡುವವರಿರುವ ಮನೆಯವರು ಇಂದೇ ಅಡುಗೆಯ ಒಂದಿಷ್ಟು ಕೆಲಸವನ್ನು ಅವಳ ಕೈಯಿಂದ ತೆಗೆದುಕೊಳ್ಳಿ, ಕಲಿಯಲು ಒಂದು ಗಂಟೆ ಬಿಡುವು ಕೊಡಿ. ಅಲ್ಲಾಹನು ಎಲ್ಲರ ಉಮ್ರಾವನ್ನು ಸ್ವೀಕರಿಸಲಿ, ಇನ್ನೂ ಹೋಗದವರಿಗೆ ತೌಫೀಕ್ ನೀಡಲಿ, ಆಮೀನ್.