ಮನವಿಪತ್ರದ ರಾಜಕಾರಣ ಇನ್ನೆಷ್ಟು ದಿನ?

2025ರ ಸೆಪ್ಟೆಂಬರ್ 22ರಂದು ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ತನ್ನ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರು ಮಾಡುವ ಮೊದಲೇ ಗಲಾಟೆ ಶುರುವಾಗಿತ್ತು. ಜಾತಿಗಳ ಪಟ್ಟಿಯಲ್ಲಿ ಕುರುಬ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್, ಬ್ರಾಹ್ಮಣ ಕ್ರಿಶ್ಚಿಯನ್ ಎಂಬ ಹೆಸರುಗಳಿದ್ದವು. ಇದು ಹಿಂದೂ ಸಮಾಜ ಒಡೆಯುವ ಸಂಚೆಂದು ಬಿಜೆಪಿ ಕಿಡಿಕಾರಿತು. ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಆಯೋಗದ ಅಧ್ಯಕ್ಷ ಮಧುಸೂದನ್ ಆರ್. ನಾಯ್ಕ್ ಅವರು ಅಂಥ 33 ಹೆಸರುಗಳನ್ನು ಆ್ಯಪ್‌ನ ಪಟ್ಟಿಯಿಂದ ಮರೆಮಾಡಲಾಗಿದೆ, ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಎಂದರು. ಗಲಾಟೆ ತಣ್ಣಗಾಯಿತು. ಎಲ್ಲರಿಗೂ ಸಮಾಧಾನವಾದಂತೆ ಕಂಡಿತು.

ಆ ಪಟ್ಟಿಯಲ್ಲಿದ್ದ ಮನುಷ್ಯರನ್ನು ಮಾತ್ರ ಯಾರೂ ಕೇಳಲಿಲ್ಲ.

ಇಂಥ ಪ್ರಶ್ನೆ ಎದುರಾದಾಗಲೆಲ್ಲ ಚರ್ಚಿನ ಕಡೆಯಿಂದ ಬರುವ ಉತ್ತರ ಒಂದೇ: ನಮ್ಮಲ್ಲಿ ಜಾತಿ ಇಲ್ಲ. ತಾತ್ವಿಕವಾಗಿ ಅದು ಸರಿ. ನೆಲದ ಮೇಲೆ ಅದು ಸುಳ್ಳು, ಮತ್ತು ಚರ್ಚಿಗೇ ಅದು ಗೊತ್ತಿದೆ. ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ತನ್ನೊಳಗಿನ ಅಸ್ಪೃಶ್ಯತೆಯನ್ನು ಬಾಯಿಬಿಟ್ಟು ಒಪ್ಪಿಕೊಂಡಿತ್ತು. ಕಾಗದದ ಮೇಲೆ ಒಪ್ಪಿಕೊಂಡದ್ದನ್ನು ಗಣತಿದಾರರ ಮುಂದೆ ಹೇಳಲು ನಾಚಿಕೆಯೇಕೆ?

ಈ ಪ್ರಶ್ನೆಯ ಬಿಸಿ ಬೆಂಗಳೂರಿಗಿಂತ ಕಲಬುರಗಿ ಸೀಮೆಯಲ್ಲಿ ಹೆಚ್ಚು ತಾಕುತ್ತದೆ. ಮಂಗಳೂರಿನ ಕ್ರೈಸ್ತರಿಗೆ ಶತಮಾನಗಳ ಚರ್ಚು, ಕಾಲೇಜು, ಆಸ್ಪತ್ರೆ, ಬ್ಯಾಂಕುಗಳ ಬೆನ್ನೆಲುಬಿದೆ. ಬೀದರ್, ಯಾದಗಿರಿ, ಕಲಬುರಗಿ ಭಾಗದಲ್ಲಿ ಮೆಥೋಡಿಸ್ಟ್ ಮಿಷನ್ ಬೇರುಬಿಟ್ಟದ್ದು ಬಹುಮಟ್ಟಿಗೆ ದಲಿತ ಕೇರಿಗಳಲ್ಲಿ. ಕಥೋಲಿಕರ ಗುಲ್ಬರ್ಗ ಧರ್ಮಪ್ರಾಂತ ಆದದ್ದೇ 2005ರಲ್ಲಿ. ಇಜೇರಿ, ಜೇವರ್ಗಿ, ಅಫಜಲಪುರ, ಆಳಂದದ ತೊಗರಿ ಸೀಮೆಯಲ್ಲಿ ಕ್ರೈಸ್ತರಿರುವ ಕೇರಿಗೆ ಹೋದರೆ ಎರಡು ಲೆಕ್ಕ ಕಾಣುತ್ತದೆ: ಐತವಾರ ಪ್ರಾರ್ಥನೆ, ಜಾತಿ ಪ್ರಮಾಣಪತ್ರದಲ್ಲಿ ಹಿಂದೂ. ಊರಿಗೆಲ್ಲ ಗೊತ್ತಿರುವ ಈ ಗುಟ್ಟನ್ನು ಮೋಸವೆಂದು ಕರೆಯುವವರಿದ್ದಾರೆ. ಸುಪ್ರೀಂ ಕೋರ್ಟ್ ಕೂಡ 2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂಬರ್ಥದ ಮಾತಾಡಿತು.

ಹಾಗಾದರೆ ಆ ಗುಟ್ಟನ್ನು ಹುಟ್ಟಿಸಿದ್ದು ಯಾರು? 1950ರ ಆಗಸ್ಟ್ 10ರಂದು ಹೊರಬಿದ್ದ ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದು ಅದು ಷರತ್ತು ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಲಿಲ್ಲ. ಷರತ್ತನ್ನೇ ಕಿತ್ತುಹಾಕಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು, ಕೇಳಿದವರಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಇನ್ನೊಂದು ಆಯೋಗ ಬಂತು. ಅದರ ಅವಧಿ ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರಾರ್ಥನೆಗೆ ಹೋದ ಮಾತ್ರಕ್ಕೆ ಚಹಾದಂಗಡಿಯ ಬೇರೆ ಲೋಟ ಮಾಯವಾಗುವುದಿಲ್ಲ. ಆದರೆ ಕಾನೂನಿನ ಕಣ್ಣಲ್ಲಿ ಲೋಟ ಮಾಯ! ಮಗನ ಹಾಸ್ಟೆಲ್ ಸೀಟು, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಎಲ್ಲವನ್ನೂ ಬಿಟ್ಟುಕೊಟ್ಟು ಸತ್ಯ ಬರೆಸು ಎಂದು ಕೂಲಿ ಮಾಡುವ ಮನೆಯವರಿಗೆ ಹೇಳುವುದು ಸುಲಭ, ಅದರಲ್ಲೂ ಸಂಬಳ ಬರುವ ಫಾದರಿಗೆ, ಪಾಸ್ಟರಿಗೆ.

ಸತ್ಯದ ಬೆಲೆಯನ್ನು ಕೇರಿಯ ಮೇಲೆ ಹೊರಿಸಿ ತಾನು ಬೆಳ್ಳಗೆ ಉಳಿಯುವ ಈ ಚಾಳಿಯನ್ನೇ ಟೀಕಿಸಬೇಕಾದದ್ದು. ಪ್ರತಿವರ್ಷ ಆಗಸ್ಟ್ 10ರಂದು ದಲಿತ ಕ್ರೈಸ್ತರು ಕರಾಳ ದಿನ ಆಚರಿಸುತ್ತಾರೆ. ದೊಡ್ಡ ಸಂಸ್ಥೆಗಳಿಂದ ಅದಕ್ಕೊಂದು ಹೇಳಿಕೆ ಬರುತ್ತದೆ. ಆಮೇಲೆ ಮುಂದಿನ ಆಗಸ್ಟ್.

ಮತಾಂತರ ನಿಷೇಧ ಕಾಯ್ದೆಯ ವಿಷಯದಲ್ಲಿ ಹೀಗಿರಲಿಲ್ಲ. ಹೊಸದುರ್ಗದ ಶಾಸಕ ಗೂಳಿಹಟ್ಟಿ ಶೇಖರ್ 2021ರ ಸೆಪ್ಟೆಂಬರ್‌ನಲ್ಲಿ ತಮ್ಮ ತಾಯಿಯನ್ನೇ ಮತಾಂತರಿಸಲಾಗಿದೆ ಎಂದು ಸದನದಲ್ಲಿ ಹೇಳಿದರು. ತಾಲ್ಲೂಕಿನಲ್ಲಿ ವಿಚಾರಿಸಿದ ತಹಶೀಲ್ದಾರರಿಗೆ ಬಲವಂತದ ಮತಾಂತರ ಕಂಡುಬರಲಿಲ್ಲ. ಆದರೂ ಡಿಸೆಂಬರ್ 23ರಂದು ಬೆಳಗಾವಿಯಲ್ಲಿ ವಿಧಾನಸಭೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ದಲಿತರನ್ನು, ಮಹಿಳೆಯರನ್ನು ಕಾಯ್ದೆಗೆ ವಿರುದ್ಧವಾಗಿ ಮತಾಂತರಿಸಿದರೆ 10 ವರ್ಷದವರೆಗೆ ಜೈಲು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಮುಂದೆ ನಿಂತು ವಿರೋಧಿಸಿದರು, ಸರಿಯಾಗಿಯೇ ವಿರೋಧಿಸಿದರು. 2023ರ ಜೂನ್‌ನಲ್ಲಿ ಕಾಂಗ್ರೆಸ್ ಸಂಪುಟ ಕಾಯ್ದೆ ರದ್ದತಿಗೆ ತೀರ್ಮಾನಿಸಿದಾಗ ಚರ್ಚುಗಳು ನಿಟ್ಟುಸಿರುಬಿಟ್ಟವು. ಗಮನಿಸಬೇಕಾದ್ದು ಇಷ್ಟು: ಗಾಜು ಒಡೆದಾಗ, ಗೋಡೆಗೆ ಕಲ್ಲು ಬಿದ್ದಾಗ ಬೀದಿಗಿಳಿಯುವ ಶಕ್ತಿ ಚರ್ಚಿಗಿದೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ದಾಳಿಗಳಾದಾಗಲೂ ಅದು ಕಂಡಿತು. ಉಳಿದ ದಿನಗಳಲ್ಲಿ ಮಾತ್ರ ಅದರ ರಾಜಕಾರಣವೆಂದರೆ ಹಾರ, ಶಾಲು, ಮನವಿಪತ್ರ, ಕ್ರಿಸ್‌ಮಸ್ ಕೇಕಿನ ಫೋಟೊ.

ಅಲ್ಪಸಂಖ್ಯಾತರು ಇನ್ನೇನು ಮಾಡಲು ಸಾಧ್ಯ ಎಂಬ ವಾದವುಂಟು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು 11.4 ಲಕ್ಷ, ನೂರಕ್ಕೆ ಎರಡೂ ಇಲ್ಲ. ಆಳುವವರ ಮರ್ಜಿ ಹಿಡಿದು ಬದುಕಬೇಕು ಎಂಬುದು ಈ ವಾದದ ಸಾರ. ಇದಕ್ಕೆ ಉತ್ತರ ಮಂಗಳೂರಲ್ಲೇ ಹುಟ್ಟಿದ ಒಬ್ಬ ಪಾದ್ರಿಯಲ್ಲಿದೆ. ಜೆಸ್ವಿತ್ ಗುರು ಜೆರೋಮ್ ಡಿಸೋಜ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಅವರೂ ಬಂಗಾಳದ ಎಚ್.ಸಿ. ಮುಖರ್ಜಿಯೂ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ, ಮೀಸಲು ಸ್ಥಾನ ಬೇಡವೆಂಬ ನಿಲುವಿಗೆ ಬಂದರು. ಅದೇ ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಪ್ರಚಾರದ ಹಕ್ಕು ಉಳಿಯಿತು. ಸೀಟು ಬಿಟ್ಟರು, ಹಕ್ಕು ಉಳಿಸಿಕೊಂಡರು. ಇಂದಿನ ನಾಯಕರಲ್ಲಿ ಹಲವರದು ಇದರ ತಿರುಗುಮುರುಗು: ನಿಗಮಕ್ಕೊಬ್ಬ ಅಧ್ಯಕ್ಷ, ಪರಿಷತ್ತಿಗೊಂದು ಸೀಟು ಸಿಕ್ಕರೆ ಸಾಕು.

ಅವರ ಕೈಯಲ್ಲಿರುವ ಧರ್ಮಗ್ರಂಥವೂ ಮರ್ಜಿ ಹಿಡಿಯುವುದನ್ನು ಕಲಿಸುವುದಿಲ್ಲ. ಸೀಸರನದನ್ನು ಸೀಸರನಿಗೆ ಕೊಡಿ ಎಂಬ ನಾಣ್ಯದ ಪ್ರಸಂಗವನ್ನು ಎಲ್ಲರೂ ಉದ್ಧರಿಸುತ್ತಾರೆ. ಫಿಲಿಪ್ಪಿಯ ಸೆರೆಮನೆಯ ಪ್ರಸಂಗವನ್ನು ಯಾರೂ ಎತ್ತುವುದಿಲ್ಲ. ವಿಚಾರಣೆಯಿಲ್ಲದೆ ಅಪೊಸ್ತಲ ಪೌಲನನ್ನು ಹೊಡೆದು ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಸದ್ದಿಲ್ಲದೆ ಹೊರಟುಹೋಗು ಎಂದು ಹೇಳಿಕಳಿಸಿದರು. ಪೌಲ ಹೊರಡಲಿಲ್ಲ. ತಾನು ರೋಮ್‌ನ ಪ್ರಜೆ, ತಪ್ಪು ಮಾಡಿದವರೇ ಬಂದು ಕರೆದೊಯ್ಯಲಿ ಎಂದು ಕೂತ. ಅವರು ಬರಬೇಕಾಯಿತು. ಪ್ರಜೆಯ ಹಕ್ಕನ್ನು ದಯೆಯೆಂದು ಬೇಡದೆ ಹಕ್ಕೆಂದೇ ಕೇಳಿದ ಆ ಮನುಷ್ಯ ನಿಯೋಗದಲ್ಲಿ ಹೋಗಿ ಶಾಲು ಹೊದಿಸಿ ಬಂದಿರಲಿಲ್ಲ. ನಮ್ಮ ಕಾಲದಲ್ಲಿ ಆ ದಾರಿ ಹಿಡಿದ ಜೆಸ್ವಿತ್ ಗುರು ಸ್ಟ್ಯಾನ್ ಸ್ವಾಮಿ 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಜಾರ್ಖಂಡಿನ ಆದಿವಾಸಿಗಳ ಜೊತೆ ನಿಂತರು. 2021ರ ಜುಲೈ 5ರಂದು ವಿಚಾರಣಾಧೀನ ಕೈದಿಯಾಗಿಯೇ ಸತ್ತರು. ಅವರು ಹೋರಾಡಿದ್ದು ಚರ್ಚಿನ ಆಸ್ತಿಗಾಗಿ ಅಲ್ಲ.

ನೆರೆಮನೆಯವರ ಹಕ್ಕಿಗೆ ನಿಲ್ಲುವುದಕ್ಕೆ ಜಾರ್ಖಂಡಿಗೆ ಹೋಗಬೇಕಿಲ್ಲ. ಆಳಂದ ಸಾಕು. 2023ರ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಲು 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದವು 24 ಮಾತ್ರ ಎಂದು ಚುನಾವಣಾ ಆಯೋಗವೇ ಹೇಳಿತು. 2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ಇದನ್ನು ದೇಶದ ಮುಂದಿಟ್ಟಾಗ ಹೇಳಿದಂತೆ, ಮೊದಲು ಸಂಶಯ ಬಂದದ್ದು ಒಬ್ಬ ಬೂತ್ ಮಟ್ಟದ ಅಧಿಕಾರಿಗೆ. ತಮ್ಮ ಬಂಧುವಿನ ಹೆಸರೇ ತೆಗೆದುಹಾಕುವ ಪಟ್ಟಿಯಲ್ಲಿದ್ದದ್ದು ಆ ಅಧಿಕಾರಿಯ ಕಣ್ಣಿಗೆ ಬಿದ್ದಿತ್ತು. ಕಾಂಗ್ರೆಸ್ಸು, ಬಿಜೆಪಿ ಇದರಲ್ಲಿ ತಂತಮ್ಮ ಲಾಭ ನೋಡಿಕೊಳ್ಳಲಿ, ಅದು ಅವರ ಕಸುಬು. ವಾರಕ್ಕೊಮ್ಮೆ ಊರೂರಲ್ಲಿ ಜನ ಕೂಡಿಸುವ ಚರ್ಚು ಕರಡು ಮತದಾರರ ಪಟ್ಟಿಯನ್ನು ಆರಾಧನೆ ಮುಗಿದ ಮೇಲೆ ಗಟ್ಟಿಯಾಗಿ ಓದಿಸಲು ಎಷ್ಟು ಹೊತ್ತು ಬೇಕು? ಹೆಸರು ಬಿಟ್ಟುಹೋದವರು ಕ್ರೈಸ್ತರೋ, ಲಿಂಗಾಯತರೋ, ಮುಸ್ಲಿಮರೋ ಎಂದು ನೋಡದೆ ಅರ್ಜಿ ಬರೆದುಕೊಡಲು? ಗ್ರಾಮಸಭೆಯ ದಿನವನ್ನು ಹಬ್ಬದ ದಿನದಷ್ಟೇ ಗಟ್ಟಿಯಾಗಿ ಸಾರಲು? ತತ್ವಪದಕಾರ ಕಡಕೋಳ ಮಡಿವಾಳಪ್ಪನವರಿಗೆ ಚೆನ್ನೂರ ಜಲಾಲಸಾಹೇಬರು ಶಿಷ್ಯರಾದ ಸೀಮೆ ಇದು. ಧರ್ಮದ ಬೇಲಿ ದಾಟಿ ಕೂಡಿ ಕೂರುವುದು ಇಲ್ಲಿ ಹೊಸತೇನಲ್ಲ.

ಪುಲ್ಪಿಟ್ಟಿನಿಂದ ರಾಜಕೀಯ ಬೇಡ ಎಂಬ ಆಕ್ಷೇಪ ಬರುತ್ತದೆ. ಇಂಥ ಪಕ್ಷಕ್ಕೆ ಓಟು ಹಾಕಿ ಎಂದು ಹೇಳುವುದಾದರೆ ಆಕ್ಷೇಪ ನ್ಯಾಯವಾದದ್ದೇ. ಚುನಾವಣೆಗೆ ಮುಂಚೆ ಗುಟ್ಟಾಗಿ ಹಂಚುವ ಸೂಚನೆಗಳನ್ನೂ ಅದೇ ಮಾತಿಗೆ ಸೇರಿಸಿ ನಿಲ್ಲಿಸಬೇಕು. ಆದರೆ ಮತದಾರರ ಪಟ್ಟಿ ಓದಿಸುವುದು ಓಟು ಕೇಳುವುದಲ್ಲ.

ಜಾತಿಯ ಎಣಿಕೆಯೂ ಸೇರಿದ ರಾಷ್ಟ್ರೀಯ ಜನಗಣತಿಗೆ 2027ರ ಮಾರ್ಚ್ 1 ಆಧಾರದ ದಿನ. ಅದಕ್ಕೂ ಮೊದಲು ಗಣತಿದಾರರು ಮತ್ತೆ ಕೇರಿಯ ಅದೇ ಮನೆಯ ಬಾಗಿಲು ತಟ್ಟುತ್ತಾರೆ. ಧರ್ಮದ್ದೊಂದು ಪ್ರಶ್ನೆ, ಜಾತಿಯದ್ದೊಂದು. ಎರಡಕ್ಕೂ ನಿಜ ಹೇಳಿ, ಅದರಿಂದ ಹಾಸ್ಟೆಲ್ ಸೀಟು ಹೋದರೆ ಶುಲ್ಕ ನಾವು ಕಟ್ಟುತ್ತೇವೆ, ಮೂರನೇ ಪ್ಯಾರಾ ಹೋಗುವವರೆಗೆ ಕೋರ್ಟಿಗೂ ನಾವೇ ಬರುತ್ತೇವೆ ಎಂದು ಆ ಮನೆಯವರಿಗೆ ಹೇಳುವ ಬಿಷಪರು ಯಾರು, ಯಾವ ಸಭೆ, ಅದನ್ನು ಅಷ್ಟರೊಳಗೆ ತಿಳಿಸಲಿ.