ಗೀಳುರೋಗಕ್ಕೆ ಯಂತ್ರವೋ, ವೈದ್ಯನೋ?

ಎಷ್ಟು ಕೈ ತೊಳೆದರೂ ಮೈಲಿಗೆ ಹೋಗದೆಂದು ಪರಿತಪಿಸುವ ಗೀಳುರೋಗಿಯನ್ನು ನಮ್ಮವರು ಮಡಿವಂತನೆಂದು ನಗುವರು, ಇಲ್ಲವೆ ಬಾಧೆಯೆಂದು ಗಾಣಗಾಪುರಕ್ಕೆ ಕರೆದೊಯ್ಯುವರು. ಇದು ರೋಗ, ಇದಕ್ಕೆ ಚಿಕಿತ್ಸೆಯುಂಟು. ಭಯದ ವಸ್ತುವನ್ನು ಮೆಲ್ಲಮೆಲ್ಲನೆ ಎದುರಿಗಿಟ್ಟು, ಕೈ ತೊಳೆಯದೆ ತಾಳಿಕೊಳ್ಳುವದನ್ನು ಕಲಿಸುವ ಪದ್ಧತಿಯನ್ನು 1966ರಲ್ಲಿಯೇ ವಿಕ್ಟರ್ ಮೇಯರ್ ಎಂಬವರು ಬೆಳಕಿಗೆ ತಂದರು. ಈಗ ಕಣ್ಣಿಗೆ ಕಟ್ಟುವ ವರ್ಚುವಲ್ ರಿಯಾಲಿಟಿ ಯಂತ್ರವು ಆ ಹೊಲಸು ಕೋಣೆಯನ್ನು ಚಿಕಿತ್ಸಾಲಯದಲ್ಲಿಯೇ ತೋರಿಸಬಲ್ಲದು. ಬಲ್ಲ ಚಿಕಿತ್ಸಕನು ಪಕ್ಕದಲ್ಲಿಲ್ಲದಿದ್ದರೆ ಅದು ಬರಿಯ ಬೊಂಬೆಯಾಟ. ನಿಮ್ಹಾನ್ಸಿನ ಗೀಳುರೋಗ ಚಿಕಿತ್ಸಾಲಯವಿರುವದು ಬೆಂಗಳೂರಿನಲ್ಲಿ. ಆಳಂದ, ಅಫಜಲಪುರ, ಜೇವರ್ಗಿಗಳ ಬಡವನಿಗೆ ಅದು ದೂರದ ಮಾತು. 2022ರಲ್ಲಿ ಆರಂಭವಾದ ಟೆಲಿ-ಮಾನಸದ 14416 ಸಂಖ್ಯೆಯು ದಾರಿ ತೋರಬಲ್ಲದು, ಕೈಹಿಡಿದು ನಡೆಸಲಾರದು. ಸರಕಾರವು ಪ್ರತಿ ತಾಲೂಕು ಆಸ್ಪತ್ರೆಗೆ ಈ ವಿದ್ಯೆ ಬಲ್ಲ ಒಬ್ಬ ಮನಶ್ಚಿಕಿತ್ಸಕನನ್ನು ಮೊದಲು ಕೊಡಲಿ; ಯಂತ್ರವು ಆಮೇಲೆ ಬರಲಿ.