ಇವಳು ಹೀಗಿರಲಿಲ್ಲ

ಜೊತೆಯಲ್ಲಿರೋರು ಯಾರಾದರೂ ಇದ್ದಕ್ಕಿದ್ದ ಹಾಗೆ ವಿಚಿತ್ರವಾಗಿ ಆಡಿದರೆ ನಮ್ಮ ಹತ್ತಿರ ಉತ್ತರ ರೆಡಿ ಇರುತ್ತೆ. ‘ಕೆಲಸದ ಸ್ಟ್ರೆಸ್ಸು’, ‘ಬ್ರೇಕಪ್ ಆಗಿರ್ಬೇಕು’, ‘ನಿದ್ದೆಗೆಟ್ಟು ರೀಲ್ಸ್ ನೋಡ್ತಾಳೆ’. ಊರಲ್ಲಾದರೆ ‘ಗಾಳಿ ಸೋಕಿದೆ, ತಾಯತ ಕಟ್ಟಿಸಿ’. ಈ ರೆಡಿ ಉತ್ತರಗಳೇ ಅಮೂಲ್ಯವಾದ ದಿನಗಳನ್ನು ನುಂಗಿಹಾಕುವ ಒಂದು ಕಾಯಿಲೆ ಇದೆ. ಅದರ ಬಗ್ಗೆ ಓದಿದ ಮೇಲೆ ನಾನು ಬೇರೆಯವರ ‘ಮೂಡ್’ ಬಗ್ಗೆ ತೀರ್ಪು ಕೊಡೋದನ್ನು ಸ್ವಲ್ಪ ಕಡಿಮೆ ಮಾಡಿದ್ದೀನಿ.

ಹೆಸರು ಉದ್ದ: ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಸರಳವಾಗಿ ಹೇಳೋದಾದರೆ, ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ಆಂಟಿಬಾಡಿಗಳು ದಾರಿ ತಪ್ಪಿ ಮೆದುಳಿನ ಮೇಲೆ ಬೀಳುತ್ತವೆ. ನೆನಪು, ಕಲಿಕೆ, ನಡವಳಿಕೆಗೆಲ್ಲ ಬೇಕಾದ ಎನ್‌ಎಂಡಿಎ ರಿಸೆಪ್ಟರ್‌ಗಳು ನರಕೋಶದ ಮೇಲ್ಮೈಯಿಂದ ಕಡಿಮೆಯಾಗುತ್ತಾ ಹೋಗುತ್ತವೆ. ಡಾ. ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಇದನ್ನು ಗುರುತಿಸಿ ವಿವರಿಸಿದ್ದು 2007ರಲ್ಲಿ. ಅಂದರೆ ಐಫೋನ್ ಬಂದ ವರ್ಷ! ಅದಕ್ಕೂ ಮುಂಚೆ ಈ ಕಾಯಿಲೆ ಬಂದವರಿಗೆ ಜನ ಏನೇನು ಹೆಸರಿಟ್ಟಿರಬಹುದು ಅಂತ ಯೋಚಿಸಿದರೆ ಸಂಕಟ ಆಗುತ್ತೆ.

2009ರಲ್ಲಿ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯ ವರದಿಗಾರ್ತಿ ಸುಸಾನಾ ಕಹಲಾನ್‌ಗೆ 24 ವರ್ಷ. ಮನೆಯಲ್ಲಿ ತಿಗಣೆ ಇದೆ ಅಂತ ಅವಳಿಗೆ ವಿಪರೀತ ಭಯ ಶುರುವಾಯಿತು. ಹುಡುಕಿದರೆ ಒಂದೂ ಇಲ್ಲ. ಆಮೇಲೆ ಕೈ ಜೋಮು, ನಿದ್ದೆಯಿಲ್ಲ, ಎಲ್ಲರ ಮೇಲೂ ಅನುಮಾನ. ಕೊನೆಗೆ ಫಿಟ್ಸ್ ಬಂತು. ಎಂಆರ್‌ಐ ನಾರ್ಮಲ್. ಒಬ್ಬ ವೈದ್ಯರು ಕುಡಿತ ಜಾಸ್ತಿ, ಕೆಲಸ ಜಾಸ್ತಿ ಅಂದುಬಿಟ್ಟರು. ಅಪ್ಪ, ಅಮ್ಮ ಒಪ್ಪಲಿಲ್ಲ. ನಮ್ಮ ಮಗಳು ಹೀಗಿರಲಿಲ್ಲ ಅನ್ನೋ ಹಟ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾ. ಸುಹೇಲ್ ನಜ್ಜಾರ್ ಅವಳ ಕೈಗೆ ಪೆನ್ನು ಕೊಟ್ಟು ಗಡಿಯಾರ ಬರೆಯೋಕೆ ಹೇಳಿದರು. ಅವಳು 1ರಿಂದ 12ರವರೆಗಿನ ಅಂಕಿಗಳನ್ನೆಲ್ಲ ಬಲಭಾಗದಲ್ಲೇ ತುರುಕಿದಳು. ಎಡಭಾಗ ಖಾಲಿ. ಮೆದುಳಿನ ಬಲಭಾಗದಲ್ಲಿ ಉರಿಯೂತ ಇರಬಹುದು ಅನ್ನೋ ಸುಳಿವು ಅಲ್ಲಿ ಸಿಕ್ಕಿತು. ಮುಂದಿನ ಪರೀಕ್ಷೆಗಳಲ್ಲಿ ಕಾಯಿಲೆ ಖಚಿತವಾಯಿತು. ಚಿಕಿತ್ಸೆ ಪಡೆದು ಅವಳು ಕೆಲಸಕ್ಕೆ ಮರಳಿದಳು. 2012ರಲ್ಲಿ ‘ಬ್ರೈನ್ ಆನ್ ಫೈರ್’ ಅನ್ನೋ ಪುಸ್ತಕ ಬರೆದಳು. ಆಸ್ಪತ್ರೆಯ ದಿನಗಳು ಅವಳಿಗೆ ಹೆಚ್ಚುಕಡಿಮೆ ನೆನಪೇ ಇರಲಿಲ್ಲ. ವೈದ್ಯರ ದಾಖಲೆ, ಅಪ್ಪ ಬರೆದಿಟ್ಟ ಡೈರಿ, ಆಸ್ಪತ್ರೆಯ ವಿಡಿಯೋಗಳನ್ನು ಇಟ್ಟುಕೊಂಡು ತನ್ನದೇ ಕಥೆಯನ್ನು ವರದಿಗಾರ್ತಿಯ ಹಾಗೆ ಜೋಡಿಸಿದಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ವಿಷಯ. ಈ ಕಾಯಿಲೆಯಲ್ಲಿ ರೋಗಿ ತನ್ನ ಪರವಾಗಿ ಮಾತಾಡೋ ಸ್ಥಿತಿಯಲ್ಲಿರಲ್ಲ. ಡಾಕ್ಟರಿಗೆ ಅವಳು ಮೊದಲು ಹೇಗಿದ್ದಳು ಅಂತ ಗೊತ್ತಿರಲ್ಲ. ಅದನ್ನು ಹೇಳಬೇಕಾದವರು ಪಕ್ಕದಲ್ಲಿರೋರು. ನಮ್ಮಂಥವರ ಪಕ್ಕದಲ್ಲಿ ಯಾರಿದ್ದಾರೆ? ಅಮ್ಮ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇರ್ತಾರೆ. ಇಲ್ಲಿರೋದು ಪಿಜಿಯ ರೂಮ್‌ಮೇಟು, ಕ್ಯಾಬಿನಲ್ಲಿ ಜೊತೆಗೆ ಬರೋ ಸಹೋದ್ಯೋಗಿ.

ಹಾಗಾದರೆ ಏನು ಗಮನಿಸಬೇಕು? ಬದಲಾವಣೆ ದಿನಗಳಲ್ಲಿ, ಕೆಲವೇ ವಾರಗಳಲ್ಲಿ ಆಗಿದೆಯಾ? ಮುಂಚೆ ಜ್ವರ, ತಲೆನೋವು ಇತ್ತಾ? ಇಲ್ಲದ್ದು ಕಾಣೋದು, ಅನುಮಾನ, ನಿದ್ದೆ ಇಲ್ಲದಿರೋದು. ಅದರ ಜೊತೆಗೆ ಫಿಟ್ಸ್, ಮಾತು ತೊದಲೋದು ಅಥವಾ ನಿಂತೇ ಹೋಗೋದು, ಬಾಯಿ ಮುಖ ತಾನಾಗಿ ಅಲ್ಲಾಡೋದು ಇದೆಯಾ? ಇದ್ದರೆ ಕಾಯಬೇಡಿ, ನರರೋಗ ತಜ್ಞರು ಇರೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ದಿನ ಏನಾಯ್ತು ಅಂತ ಫೋನಿನಲ್ಲಿ ಬರೆದಿಡಿ. ಒಂದು ಪುಟ್ಟ ವಿಡಿಯೋ ಇದ್ದರೆ ಇನ್ನೂ ಒಳ್ಳೇದು. ಅದು ಡಾಕ್ಟರಿಗೆ ತೋರಿಸೋಕೆ ಮಾತ್ರ, ಗ್ರೂಪಿಗೆ ಹಾಕೋಕಲ್ಲ. ‘ಆಟೋಇಮ್ಯೂನ್ ಎನ್ಸೆಫಲೈಟಿಸ್ ಇರಬಹುದಾ ಡಾಕ್ಟ್ರೇ?’ ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಬೆನ್ನಿನಿಂದ ನೀರು ತೆಗೆದು ಮಾಡೋ ಪರೀಕ್ಷೆಯಲ್ಲಿ ಆಂಟಿಬಾಡಿ ಪತ್ತೆಯಾಗುತ್ತೆ. ಹೆಂಗಸರಲ್ಲಿ ಅಂಡಾಶಯದ ಗೆಡ್ಡೆಯೂ ಇದಕ್ಕೆ ಕಾರಣವಾಗಬಹುದು, ಹಾಗಾಗಿ ಸ್ಕ್ಯಾನ್ ಮಾಡಿಸ್ತಾರೆ.

ಹಾಗಂತ ಪ್ರತಿಯೊಂದು ಬೇಸರ, ಆತಂಕವೂ ಇದೇ ಅಲ್ಲ. ಇದು ಅಪರೂಪದ ಕಾಯಿಲೆ. ಇನ್ನು ಮಾನಸಿಕ ಕಾಯಿಲೆ ಆದರೂ ಅದು ಕಾಯಿಲೆಯೇ, ನಾಚಿಕೆಪಡೋ ವಿಷಯ ಅಲ್ಲ. ನಾವು ತಮಾಷೆಗೆ ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಅಂತೀವಲ್ಲ, ಆ ಸಂಸ್ಥೆಯ ಪೂರ್ತಿ ಹೆಸರಿನಲ್ಲಿ ಮನಸ್ಸೂ ಇದೆ, ನರವಿಜ್ಞಾನವೂ ಇದೆ. 1974ರಿಂದ ಎರಡೂ ಒಂದೇ ಕಾಂಪೌಂಡಿನೊಳಗೆ ಇವೆ.

ಸಮಾಧಾನದ ಸಂಗತಿ ಅಂದರೆ ಇದಕ್ಕೆ ಚಿಕಿತ್ಸೆ ಇದೆ: ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಗೆಡ್ಡೆ ಇದ್ದರೆ ಆಪರೇಷನ್. 577 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ವರ್ಷದವರೆಗೆ ನಿಗಾದಲ್ಲಿದ್ದವರಲ್ಲಿ ಸುಮಾರು 81% ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಲಾಭ ಹೆಚ್ಚು. ಆದರೆ ಚೇತರಿಕೆಗೆ ತಿಂಗಳುಗಳೇ ಬೇಕು. ಡಿಸ್ಚಾರ್ಜ್ ಆದ ತಕ್ಷಣ ‘ಈಗ ಸರಿ ಹೋದೆಯಲ್ಲ, ಆಫೀಸಿಗೆ ಯಾವಾಗ?’ ಅಂತ ಕೇಳಬಾರದು.

ನನ್ನ ರೂಮಿನಲ್ಲಿ ನಾವು ಮೂರು ಜನ. ಹೋದ ವಾರ ಒಬ್ಬರ ಮನೆಯವರ ನಂಬರನ್ನು ಇನ್ನೊಬ್ಬರು ಸೇವ್ ಮಾಡಿಕೊಂಡ್ವಿ. ‘ಯಾಕೆ ಮಾರಾಯ್ತಿ, ಏನಾದ್ರೂ ಆಗುತ್ತಾ?’ ಅಂತ ಒಬ್ಬಳು ನಕ್ಕಳು. ಆಗದೇ ಇರಲಿ. ನಿಮ್ಮ ರೂಮ್‌ಮೇಟ್ ಅಮ್ಮನ ನಂಬರ್ ನಿಮ್ಮ ಹತ್ತಿರ ಇದೆಯಾ?